ಮರೀನುಸ್ ಎದ್ದು ಮೇಜಿಗೆ ಹೋದ ಭಾನುವಾರ

ಥೋಲೆನ್ ದ್ವೀಪ, ಜೀಲ್ಯಾಂಡ್
ಗುರುವಾರ, 16 ಮಾರ್ಚ್ 1978

ಪ್ರೀತಿಯ ದೀನಾ ಅಕ್ಕ,

ನಿನ್ನ ಸೊಂಟದ ನೋವು ಹೇಗಿದೆ? ಮೆಟ್ಟಿಲು ಹತ್ತುವುದೇ ಕಷ್ಟವಾಗಿದೆ ಎಂದು ಬರೆದಿದ್ದೆ. ಆ ಕೆನಡಾದ ಹಿಮದಲ್ಲಿ ಒಬ್ಬಳೇ ಹೊರಗೆ ಹೋಗಿ ಜಾರಿ ಬೀಳಬೇಡ, ಮನೆಯವರು ಹೇಳಿದರೆ ನೀನು ಕೇಳುವವಳಲ್ಲವೆಂದು ನಾನೇ ಹೇಳುತ್ತಿದ್ದೇನೆ. ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟರೆ ಕೈ ಓಡುತ್ತಿಲ್ಲ. ಜ್ವರವಿಲ್ಲ, ನೆಗಡಿಯಿಲ್ಲ, ಊಟ ಸೇರುತ್ತದೆ. ಆದರೂ ಭಾನುವಾರದಿಂದ ನನ್ನ ತಲೆ ನೆಟ್ಟಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ನಾನು ಕಿರುಚಿದ್ದು ಇಲ್ಲಿ ಬೀದಿಗೆಲ್ಲ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿಂತು ಓದಬೇಡ, ಕುರ್ಚಿ ಎಳೆದುಕೊಂಡು ಕೂತು ಓದು.

ಭಾನುವಾರ ಕರ್ತನ ಭೋಜನವಿತ್ತು. ನಮ್ಮಲ್ಲಿ ಅದು ಹೇಗೆಂದು ನೀನು ಮರೆತಿರಲಾರೆ. ಮುಂದೆ ಉದ್ದನೆಯ ಮೇಜು, ಅದರ ಮೇಲೆ ಬಿಳಿಬಟ್ಟೆ, ರೊಟ್ಟಿ, ದ್ರಾಕ್ಷಾರಸ. ಸಭೆಯೇನೋ ತುಂಬಿರುತ್ತದೆ, ಆದರೆ ಎದ್ದು ಹೋಗಿ ಆ ಮೇಜಿಗೆ ಕೂರುವವರು ಬೆರಳೆಣಿಕೆ ಮಂದಿ. ದೇವರು ನನ್ನನ್ನೇ ಕರೆದಿದ್ದಾನೆ ಎಂದು ಮನಸ್ಸಿನಲ್ಲಿ ಖಾತ್ರಿಯಾದವರು ಮಾತ್ರ ಹೋಗಬೇಕು. ಆ ಖಾತ್ರಿಯಿಲ್ಲದೆ ಬಾಯಿಗಿಟ್ಟರೆ ತಿನ್ನುವುದು ರೊಟ್ಟಿಯನ್ನಲ್ಲ, ದಂಡನೆಯನ್ನು. ಇದೇ ಹೆದರಿಕೆಯಿಂದ ನಮ್ಮಪ್ಪ ಜೀವಮಾನವಿಡೀ ಸಭೆಗೆ ಕೀರ್ತನೆ ಹಾಡಿಸಿದರೂ ಒಂದೇ ಒಂದು ಸಲ ಆ ಮೇಜಿಗೆ ಹೋಗದೆ ಕಣ್ಣು ಮುಚ್ಚಿದರು. ಅಮ್ಮನೂ ಅಷ್ಟೇ. ನಾನೂ ಬೆಂಚು ಬಿಟ್ಟು ಎದ್ದವಳಲ್ಲ. ಪಾದ್ರಿಗಳು ಕರೆದರು, ಕೀರ್ತನೆ ಶುರುವಾಯಿತು, ಯಾವಾಗಲೂ ಏಳುವವರೇ ಎದ್ದರು. ಅಷ್ಟರಲ್ಲಿ ನಮ್ಮವರು ಪಕ್ಕದಲ್ಲಿ ಮಿಸುಕಾಡತೊಡಗಿದರು. ಮೊಣಕಾಲು ಹಿಡಿದುಕೊಂಡಿರಬೇಕು ಅಂದುಕೊಂಡೆ. ನಾನು ಆಗಷ್ಟೇ ಕೈಗಿತ್ತಿದ್ದ ಪೆಪ್ಪರ್‌ಮಿಂಟನ್ನು ಬಾಯಿಂದ ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಜೇಬಿಗೆ ಹಾಕಿಕೊಂಡು ಎದ್ದು ನಿಂತರು. ಕೋಟಿನ ಅಂಚು ಹಿಡಿದು ಜಗ್ಗಿದೆ. "ರೀ, ಎಲ್ಲಿಗೆ? ಕೂತ್ಕೊಳ್ಳಿ" ಅಂದೆ. "ಹೋಗಿ ಬರ್ತೀನಿ, ನೆಲ್" ಅಂದರು, ಪೇಟೆಗೆ ಹೊರಟವರ ಹಾಗೆ. ಕೋಟು ನನ್ನ ಕೈಯಿಂದ ಬಿಡಿಸಿಕೊಂಡು ಹೊರಟೇಬಿಟ್ಟರು.

ಯಾರು ಹೋದದ್ದು ನೋಡು, ಅಕ್ಕ. ಮರೀನುಸ್! ಪ್ರಸಂಗ ಅರ್ಧಕ್ಕೆ ಬರುವ ಮೊದಲೇ ತೂಕಡಿಸುವ, ಪಾದ್ರಿಗಳು ಸೀನುವುದನ್ನು ಮನೆಗೆ ಬಂದು ಮಾಡಿ ತೋರಿಸುವ ಮರೀನುಸ್. "ಆ ಹಲ್ಲು ಕಿಸಿಯೋ ಹುಡುಗನಿಗೆ ನನ್ನ ಮಗಳನ್ನ ಕೊಡಲ್ಲ" ಅಂತ ಅಪ್ಪ ಹಟ ಹಿಡಿದಿದ್ದರಲ್ಲ, ನೀನೇ ಮಧ್ಯೆ ಬಂದು ಒಪ್ಪಿಸಿದ್ದು, ಅದೇ ಮನುಷ್ಯ. ನಮ್ಮ ಸಭೆಯಲ್ಲಿ ಯಾರೂ ಕತ್ತು ತಿರುಗಿಸುವುದಿಲ್ಲ. ಅವತ್ತು ಹೆಂಗಸರ ಟೋಪಿಗಳೆಲ್ಲ ಒಟ್ಟಿಗೆ ನಮ್ಮ ಬೆಂಚಿನ ಕಡೆ ತಿರುಗಿದವು. ಈಗ ಬಿದ್ದುಬಿಡುತ್ತಾರೆ, ಬಾಯಿಗಿಟ್ಟ ಕ್ಷಣವೇ ಏನೋ ಆಗಿಬಿಡುತ್ತದೆ ಎಂದು ಕಾದು ಕೂತೆ. ಏನೂ ಆಗಲಿಲ್ಲ. ಈರುಳ್ಳಿ ಆರಿಸಿ ಆರಿಸಿ ಬಿರುಕು ಬಿಟ್ಟ ಆ ಕೈಯನ್ನು ಚಾಚಿ ರೊಟ್ಟಿ ತೆಗೆದುಕೊಂಡರು. ಮನೆಯಲ್ಲಿ ನನ್ನ ಕೈಯಿಂದ ತಟ್ಟೆ ತೆಗೆದುಕೊಳ್ಳುವಷ್ಟೇ ಸಲೀಸಾಗಿ. ಅದನ್ನು ನೋಡಿ ನನಗೆ ಬಂದದ್ದು ಭಕ್ತಿಯಲ್ಲ, ಹೊಟ್ಟೆಕಿಚ್ಚು. ನಿನಗಲ್ಲದೆ ಇನ್ಯಾರಿಗೆ ಹೀಗೆ ಬರೆಯಲಿ.

ಮನೆಗೆ ನಡೆದು ಬರುವಾಗ ಸಮುದ್ರದ ಕಟ್ಟೆಯ ದಾರಿಯುದ್ದಕ್ಕೂ ನಾನು ಹತ್ತು ಹೆಜ್ಜೆ ಮುಂದೆಯೇ ನಡೆದೆ. ಇವರು ಮಾತ್ರ ಕರವಸ್ತ್ರ ಬಿಚ್ಚಿ, ಉಳಿದಿದ್ದ ಪೆಪ್ಪರ್‌ಮಿಂಟನ್ನು ಬಾಯಿಗೆ ಹಾಕಿಕೊಂಡು ಆರಾಮಾಗಿ ಬರುತ್ತಿದ್ದರು. ಬಾಗಿಲು ಹಾಕಿಕೊಂಡ ಮೇಲೆ ಹಿಡಿದುಕೊಂಡೆ. "ಯಾವಾಗಿಂದ ಇದೆಲ್ಲ?" ಅಂದೆ. ಕೋಟು ಬಿಚ್ಚುತ್ತಾ ಹೇಳಿದರು, "ಕಟ್ಟೆ ಒಡೆದು ಸಮುದ್ರ ಒಳಗೆ ಬಂದು ಹೊಲ ಎಲ್ಲ ಉಪ್ಪಾಗಿತ್ತಲ್ಲ, ಆಮೇಲೆ ಮೊದಲನೇ ಸಲ ಈರುಳ್ಳಿ ಮೊಳಕೆ ಬಂತು ನೋಡು, ಅವತ್ತಿಂದ. ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು. ಹೊಲದಲ್ಲಿ ಯಾರೂ ಇರಲಿಲ್ಲ. ಅವನಿಗೇ ಹೇಳ್ದೆ." ಅವತ್ತಿನಿಂದ ದಿನಾ ಹೇಳುತ್ತಾರಂತೆ. ಕೊಟ್ಟಿಗೆಯಲ್ಲಿ ಈರುಳ್ಳಿ ಆರಿಸುತ್ತಾ, ಸೈಕಲ್ಲು ತುಳಿಯುತ್ತಾ. ಏನು ಹೇಳುತ್ತೀರಿ ಅಂದರೆ, "ಮೊಣಕಾಲು, ಮಳೆ, ನಿನ್ನ ವಿಷಯ" ಅಂದರು. ನನ್ನ ವಿಷಯ ಏನು ಅಂದೆ. "ನೀನು ಮೂರು ದಿನ ಮುಖ ಊದಿಸ್ಕೊಂಡ್ರೆ ನಾನು ಇನ್ಯಾರ ಹತ್ರ ಹೇಳ್ಕೊಳ್ಳಲಿ?" ಇಪ್ಪತ್ತು ವರ್ಷಕ್ಕೂ ಮೇಲೆ, ಅಕ್ಕ, ನನ್ನ ಮೇಲಿನ ದೂರುಗಳೆಲ್ಲ ನೇರ ದೇವರ ಕಿವಿಗೇ ಹೋಗುತ್ತಿದ್ದವು, ನನಗೆ ಸುಳಿವೂ ಇರಲಿಲ್ಲ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ನಿಮ್ಮನೇಲಿ ಎಲ್ರೂ ಪ್ರಾರ್ಥನೆ ಎಷ್ಟು ಕಷ್ಟ ಅಂತೀರಲ್ಲ, ನಾನು ಮಾಡ್ತಿರೋದು ಅದೇನಾ ಅಂತ ನನಗೇ ಅನುಮಾನ ಇತ್ತು" ಅಂದರು.

ಮಂಗಳವಾರ ಸಭೆಯ ಹಿರಿಯ ಯೋಬ್ಸೆಯವರು ಕಪ್ಪು ಕೋಟು ಹಾಕಿಕೊಂಡು ಬಂದೇಬಿಟ್ಟರು. ಮೇಜಿಗೆ ಹೊಸದಾಗಿ ಬಂದವರನ್ನು ವಿಚಾರಿಸುವುದು ಅವರ ಕೆಲಸ, ಸರಿ. ಆದರೆ ಅವರ ಹೆಂಡತಿ ಊರಿಗೆಲ್ಲ ಆಗಲೇ ಹಂಚಿದ್ದಳು, ನಮ್ಮವರಿಗೆ ಅರಳುಮರಳು ಎಂದು. ನಾನು ಕಾಫಿ ಕೊಟ್ಟು ಅಲ್ಲೇ ನಿಂತೆ. ಬೈಬಲ್ಲಿನ ಯಾವ ವಾಕ್ಯದಿಂದ ನಿನಗೆ ಕರೆ ಬಂತು, ಎಷ್ಟು ಕಾಲ ಪಾಪದ ಭಾರದಲ್ಲಿ ಅತ್ತೆ, ಎಂದು ಯೋಬ್ಸೆಯವರು ಒಂದೊಂದಾಗಿ ಕೇಳಿದರು. ಅದಕ್ಕೆಲ್ಲ ನನ್ನ ಹತ್ತಿರ ಉತ್ತರ ಸಿದ್ಧವಿತ್ತು, ಕೇಳಿದ್ದು ಮಾತ್ರ ನನ್ನನ್ನಲ್ಲ. "ವಾಕ್ಯ ಗೀಕ್ಯ ಗೊತ್ತಿಲ್ಲ ಸ್ವಾಮಿ" ಅಂದರು ಇವರು. "ತಪ್ಪು ಮಾಡಿದ್ದೆಲ್ಲ ಅವತ್ತವತ್ತೇ ಹೇಳ್ಬಿಡ್ತೀನಿ. ಭಾನುವಾರ ಹಸಿವಾಗಿತ್ತು, ಮೇಜು ಹಾಕಿದ್ರು, ಹೋದೆ." ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಯೋಬ್ಸೆಯವರು ಬೈಯುತ್ತಾರೆ ಎಂದು ಕಾದರೆ, ಅವರು ಲೋಟ ಕೆಳಗಿಟ್ಟು, ಕಿಟಕಿ ಕಡೆ ನೋಡಿ, ಮೆಲ್ಲಗೆ ಕೇಳಿದರು, ತಮ್ಮದೇ ಕಾಯಿಲೆಗೆ ಔಷಧಿ ವಿಚಾರಿಸುವವರ ಹಾಗೆ, "ಮರೀನುಸ್, ಅವನು ಉತ್ತರ ಕೊಡ್ತಾನಾ?" ಇವರಂದರು, "ಎಲ್ಲದಕ್ಕೂ ಬಾಯಿಬಿಟ್ಟು ಹೇಳ್ತಾನಾ? ನಿಮ್ಮ ಮನೆಯವರು ಹೇಳ್ತಾರಾ?" "ಅವಳು ಹೇಳ್ತಾಳಪ್ಪ" ಅಂದರು ಯೋಬ್ಸೆಯವರು. ಇಬ್ಬರೂ ನಕ್ಕರು. ನಗುತ್ತಿದ್ದ ಆ ಮುದುಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ.

ಈಗ ನನ್ನ ಸಂಕಟ ಕೇಳು. ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ದೇವರು ಒಬ್ಬರನ್ನು ಕರೆದುಕೊಂಡು ಇನ್ನೊಬ್ಬರನ್ನು ಬಿಟ್ಟುಬಿಡುವ ದಿನದ ವಿಷಯ ಅಪ್ಪ ಬೈಬಲ್ಲಿನಿಂದ ಓದುತ್ತಿದ್ದರಲ್ಲ, ಆಗ ನಾವಿಬ್ಬರೂ ಹೊದಿಕೆ ಎಳೆದುಕೊಂಡು ನಡುಗುತ್ತಿದ್ದೆವಲ್ಲ. ಮದುವೆಯಾದ ಮೇಲೆ ನಾನು ನಡುಗಿದ್ದೆಲ್ಲ ಇವರಿಗಾಗಿ. ಮೊಣಕಾಲೂರಿ ಇವರ ಆತ್ಮಕ್ಕಾಗಿ ಬೇಡಿಕೊಂಡದ್ದಕ್ಕೆ ಲೆಕ್ಕವಿಲ್ಲ. ಹಿಂದೆ ಉಳಿಯುವವರು ಇವರೇ ಎಂದು ನಾನು ನಿಶ್ಚಯ ಮಾಡಿಕೊಂಡಿದ್ದೆ, ದೇವರು ಕ್ಷಮಿಸಲಿ. ಈಗ ನೋಡಿದರೆ ಬೆಂಚಿನಲ್ಲಿ ಉಳಿದವಳು ನಾನು. ನನ್ನ ಪ್ರಾರ್ಥನೆಯಲ್ಲಿ ಒಂದು ತಪ್ಪು ಸಿಕ್ಕುವುದಿಲ್ಲ, ಅಪ್ಪನ ಮಾತುಗಳು, ಅಪ್ಪನ ಧಾಟಿ, ಎಲ್ಲ ಬಾಯಿಪಾಠ. ಆದರೆ ಆಚೆ ಕಡೆ ಯಾರಾದರೂ ಇದ್ದಾರೆಂದು ತಿಳಿದು ಹೇಳಿದ್ದುಂಟೇ ಎಂದು ನಾಲ್ಕು ದಿನದಿಂದ ಹುಡುಕುತ್ತಿದ್ದೇನೆ. ಒಂದೂ ನೆನಪಾಗುತ್ತಿಲ್ಲ. ನನಗೆ ಭಯವಾಗುತ್ತಿದೆ, ಅಕ್ಕ. ಇವರು ಪಕ್ಕದಲ್ಲಿ ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಾರೆ, ಅದನ್ನು ನೋಡಿದರೆ ಇನ್ನೂ ಭಯ. ನಿನಗೆ ಹೇಗೆ? ನೀನು ಎಂದಾದರೂ ಅವನ ಹತ್ತಿರ ಮಾತಾಡಿದ್ದೀಯಾ? ಮುಚ್ಚುಮರೆಯಿಲ್ಲದೆ ಬರೆ.

ಭಾವನವರಿಗೂ ಮಕ್ಕಳಿಗೂ ನನ್ನ ನೆನಪು ಹೇಳು. ಆ ಸೊಂಟಕ್ಕೆ ಬಿಸಿನೀರಿನ ಚೀಲ ಇಡುವುದನ್ನು ಬಿಡಬೇಡ. ಕರ್ತನು ನಿನ್ನನ್ನು ಕಾಯಲಿ. ಇದನ್ನು ಬರೆಯುವಾಗಲೂ ಬರೀ ರೂಢಿಗೆ ಬರೆದೆನೇ ಎಂದು ಅನುಮಾನ ಬರುತ್ತದೆ, ಅಂಥ ಸ್ಥಿತಿ ನನ್ನದು.

ನಿನ್ನ ತಂಗಿ,
ನೆಲ್

ತಾ.ಕ.: ಶುಕ್ರವಾರ ಬೆಳಿಗ್ಗೆ. ಅಂಟಿಸಿದ್ದ ಕವರನ್ನು ಹರಿದು ಇದನ್ನು ಸೇರಿಸುತ್ತಿದ್ದೇನೆ, ಟಪಾಲಿನವನು ಬರುವ ಹೊತ್ತಾಯಿತು. ಈಗಷ್ಟೇ ಒಲೆಯ ಮೇಲೆ ಗಂಜಿಗೆ ಹಾಲಿಟ್ಟು ನಿಂತಿದ್ದೆ. ಇದ್ದಕ್ಕಿದ್ದಂತೆ ಎಲ್ಲ ಹೊಟ್ಟೆಯಿಂದ ಕಿತ್ತುಕೊಂಡು ಬಂತು. "ಅವರ ಹತ್ರ ಆದ್ರೆ ಕೊಟ್ಟಿಗೆಗೆ ಹೋಗಿ ಕೂರ್ತೀಯ. ನಾನು ಇಷ್ಟು ವರ್ಷ ಮಂಡಿ ಸವೆಸಿದೀನಿ, ನನ್ನ ಹತ್ರ ಯಾಕೆ ಬರಲ್ಲ ನೀನು? ನಮ್ಮಪ್ಪ ನಿನಗೆ ಏನು ಮಾಡಿದ್ರು? ಜೀವನಪೂರ್ತಿ ಹೆದರಿಸಿಟ್ಟೆಯಲ್ಲ ಅವರನ್ನ" ಎಂದು ಬಾಯಿಗೆ ಬಂದದ್ದೆಲ್ಲ ಅವನಿಗೇ ಅಂದೆ, ಗಟ್ಟಿಯಾಗಿಯೇ ಅಂದೆ. ಹಾಲು ಉಕ್ಕಿ ಸೀದ ವಾಸನೆಗೆ ಇವರು ಓಡಿ ಬಂದು ಬಾಗಿಲಲ್ಲಿ ನಿಂತರು. "ಯಾರ ಮೇಲೆ ಕೂಗಾಡ್ತಿದ್ದೀಯ?" ಅಂದರು ನಗುತ್ತಾ. ಅಡಿಗೆಮನೆಯನ್ನು ಒಂದು ಸುತ್ತು ನೋಡಿದರು. ನನ್ನ ಬಿಟ್ಟು ಯಾರೂ ಇಲ್ಲ. ಮುಖದ ಮೇಲಿನ ನಗು ಹೋಯಿತು. ಊಟಕ್ಕೆ ಮುಂಚೆ ಪ್ರಾರ್ಥನೆಗೆ ತೆಗೆಯುವ ಹಾಗೆ ತಲೆಯ ಟೋಪಿ ತೆಗೆದು ಎದೆಗೊತ್ತಿಕೊಂಡು, ಹಿಂದೆ ಹಿಂದೆ ಹೆಜ್ಜೆ ಇಟ್ಟು, ಸದ್ದಾಗದಂತೆ ಬಾಗಿಲೆಳೆದುಕೊಂಡು ಹೊರಗೆ ಹೋದರು. ಪಾತ್ರೆ ಪೂರಾ ಕರಕಲು, ಅಕ್ಕ. ಕವರು ಟಪಾಲಿನವನ ಕೈಗೆ ಕೊಟ್ಟು ಮತ್ತೆ ಆ ಒಲೆಯ ಮುಂದೆ ಹೋಗಿ ನಿಲ್ಲುತ್ತೇನೆ, ನಾನು ಹೇಳುವುದು ಇನ್ನೂ ಮುಗಿದಿಲ್ಲ.