ಐಗಳಿಯ ವಿಳಾಸ ತೆರೆಯುತ್ತಿಲ್ಲ

ಬೋರಗಾಂವ
೧೨ ಫೆಬ್ರುವರಿ ೨೦೨೫

ಪೂನಮಳ ಅಜ್ಜಾರಿಗೆ ಜಯ ಜಿನೇಂದ್ರ.

ಆರೋಗ್ಯ ಹೇಗಿದೆ? ಕಾಲು ಬಾತಿದೆಯೇ, ತಲೆ ಸುತ್ತುತ್ತಿದೆಯೇ? ರೂಢಿಗೆಂದು ಕೇಳುತ್ತಿಲ್ಲ, ನನಗೆ ಉತ್ತರ ಬೇಕು. ಮುನಿಸಂಘದ ಜೊತೆ ನಡೆಯಲು ಹೊರಟ ದಿನ ಮೊಬೈಲನ್ನು ದೇವರ ಮಾಡದಲ್ಲಿಟ್ಟು, "ಇನ್ನ ಏಕಾಸನ, ದಿನಕ್ಕ ಒಂದ ಊಟ" ಎಂದಿರಿ. "ಹೋಗ್ರಿ, ಬೆನ್ನ ಹತ್ತಿ ಬರೂ ಹೆಂಗಸ ನಾ ಅಲ್ಲ" ಎಂದೆ ನಾನು. ಇವತ್ತು ಮುಂಜಾನೆ ನಿಪ್ಪಾಣಿಯ ಡಾಕ್ಟರರ ಮುಂದೆ ಮಾತಿಗೆ ಮಾತು ಬಂದು ಆ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಒಂದ ಹೊತ್ತ ಉಂಡ ಎರಡ ಹೊತ್ತ ಸಕ್ಕರಿ ಗುಳಿಗಿ ನುಂಗತಾರೇನ್ರಿ? ಸಂಜೀದ ಇವತ್ತ ಬಂದ್ ಮಾಡಸ್ರಿ. ಸಕ್ಕರಿ ಪೂರಾ ಇಳದ ದಾರ್ಯಾಗ ಬಿದ್ದಾರು" ಎಂದರು.

ಆಗಿನಿಂದ ಸಂಘದ ಗಾಡಿಯ ಡ್ರೈವರನಿಗೆ ಫೋನು ಹಚ್ಚುತ್ತಿದ್ದೇವೆ, ಅದು ಬಂದ್. ಉಳಿದದ್ದು ನಮ್ಮ ಪೂನಮ ಸಂಘಕ್ಕೆ ಮಾಡಿಕೊಟ್ಟ ವೆಬ್‌ಸೈಟ್ ಒಂದೇ. ವಿಹಾರದ ಊರಿನ ಹೆಸರು ಮುಟ್ಟಿದರೆ ಆ ಊರಿನ ಪುಟ, ಅಂದಿನ ಫೋಟೊ ತೆರೆಯಬೇಕು. ಮೊನ್ನೆಯ ಕಾಗವಾಡ ತೆರೆಯಿತು. ಫೋಟೊದಲ್ಲಿ ನೀವು ಬಸದಿಯ ಕಂಬಕ್ಕೆ ಒರಗಿ ಕುಳಿತಿದ್ದೀರಿ. ನೀವು ಒರಗಿ ಕುಳಿತದ್ದನ್ನು ಮದುವೆಯಾದಾಗಿನಿಂದ ನಾನು ನೋಡಿಲ್ಲ. ನಿನ್ನೆಯ ಅಥಣಿ ಮುಟ್ಟಿದರೆ ಬಿಳಿ ಪುಟ. ಇವತ್ತಿನ ಐಗಳಿಯೂ ಬಿಳಿ.

ಪೂನಮಳನ್ನು ಎದುರಿಗೆ ಕೂಡಿಸಿಕೊಂಡು ಬಿಡಿಸಿ ಹೇಳೆಂದೆ. ಎಕ್ಸ್‌ಕ್ವೆರಿ ಎಂಬ ಭಾಷೆಯಲ್ಲಿ ಬರೆದಿದ್ದಾಳಂತೆ. ನಾವು ಬರೆದುಕೊಟ್ಟದ್ದು ಅದಕ್ಕೆ ಬರೀ ಅಕ್ಷರಗಳ ಸಾಲು, ಸ್ಟ್ರಿಂಗ್ ಎನ್ನುತ್ತಾಳೆ. ಅದು ವಿಳಾಸ, ಅಂದರೆ ಯುಆರ್‌ಐ ಆಗಬೇಕಾದರೆ ಇದನ್ನು ವಿಳಾಸವೆಂದು ತಿಳಿ ಎಂದು ಬಾಯಿಬಿಟ್ಟು ಹೇಳಬೇಕಂತೆ. ವಿಳಾಸವನ್ನು ತಿರುಗಿ ಅಕ್ಷರವೆಂದು ಓದಲು ಮಾತ್ರ ಹೆಚ್ಚಾಗಿ ಯಾರೂ ಹೇಳಬೇಕಿಲ್ಲ, ತಾನೇ ಒಪ್ಪುತ್ತದೆ. "ಐಗಳೀದ ವಿಳಾಸ ಅಂತ ಹೇಳೀಯೋ ಇಲ್ಲೋ?" ಎಂದೆ. "ಹೇಳೀನಿ ಆಯಿ. ವಿಳಾಸ ಆಗೇತಿ. ಆದ್ರ ಅದು ಆಕಾರ ಅಷ್ಟ ನೋಡತೈತಿ, ಅಲ್ಲಿ ಏನರ ಐತೋ ಇಲ್ಲೋ ನೋಡೂದಿಲ್ಲ. ಸಂಘದವರು ಅಲ್ಲಿಗಿ ಮುಟ್ಟಿ ಫೋಟೊ ಹಾಕಿದ್ರ ತೆರೀತೈತಿ." ನನಗೆ ಸಿಟ್ಟು ಬಂತು. "ಹಂಗಾರ ನಿನ್ನ ಯಂತ್ರ ನಮ್ಮ ಬೀಗರಂಗ ಐತಿ. ಊಟಕ್ಕ ಕರೀತಾರ, ಹೋದ್ರ ಮನೀಗಿ ಕೀಲಿ." ಹುಡುಗಿ ನಕ್ಕಳು, ನನ್ನ ಮುಖ ನೋಡಿ ನಿಲ್ಲಿಸಿದಳು. ಸಂಘದವರು ವಾರದ ಹಿಂದೆ ಬರೆದುಕೊಟ್ಟ ಊರು ಅದು. ಮುನಿಮಹಾರಾಜರು ದಾರಿ ಬದಲಿಸಿರಬಹುದು. ಅಥವಾ ನಿಮ್ಮ ಸಲುವಾಗಿ ಎಲ್ಲೋ ನಿಂತಿರಬಹುದು. ಎರಡನೆಯದನ್ನು ನಾನು ಹುಡುಗಿಯ ಮುಂದೆ ಆಡಲಿಲ್ಲ.

ನಮ್ಮ ಪಾರಿಸ ಈ ಪತ್ರ ಹಿಡಿದು ಬೈಕಿನ ಮೇಲೆ ಐಗಳಿಗೆ ಬರುತ್ತಾನೆ. ತಂದೆ ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸಿ ಹಾಗೇ ತಿರುಗಿ ಬರಬೇಡವೆಂದು ಅವನಿಗೆ ಹೇಳಿದ್ದೇನೆ. ಅವನ ಫೋನಿನಿಂದ ನನಗೆ ಒಂದು ಮಾತು ಹೇಳಿ. ಮಹಾರಾಜರ ಚರಣಗಳಿಗೆ ನನ್ನ ನಮೋಸ್ತು.

ಇಂತಿ,
ಸೋನಾಬಾಯಿ

ತಾ.ಕ.: ಪಾರಿಸ ಗಾಡಿ ಚಾಲೂ ಮಾಡಿದ್ದಾನೆ. ಐಗಳಿಗೆ ಅವನೊಬ್ಬನೇ ಹೋಗಲಿ. ನಾನು ಪೂನಮಳನ್ನು ಕರೆದುಕೊಂಡು ಕಾಗವಾಡದ ಆ ಕಂಬದಿಂದ ದಾರಿಯುದ್ದ ಕೇಳುತ್ತ ಬರುತ್ತೇನೆ. ಬೆನ್ನು ಹತ್ತಿ ಬಂದಳೆಂದು ಸಂಘದವರ ಎದುರು ನಗುವುದಾದರೆ ನಗಿ. ಪತ್ರ ಮೊದಲು ಸಿಕ್ಕರೆ ಸಂಜೆಯ ಗುಳಿಗೆ ನುಂಗಬೇಡಿ. ನಾನು ಮೊದಲು ಸಿಕ್ಕರೆ ಕೈಯಿಂದ ಕಸಿದುಕೊಳ್ಳುತ್ತೇನೆ.