ಬೆಳ್ಳಗಿರುವುದೆಲ್ಲ ಹಾಲಲ್ಲ

ಮಾರ್ಚ್ ೧೪, ಭಾನುವಾರ

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಫೋನ್ ಎತ್ತಲಿಲ್ಲ, ಕಾಗದವೂ ತಡವಾಯಿತು. ತಪ್ಪು ತಿಳಿಯಬೇಡ. ದನಿ ಕೇಳಿದರೆ ಜಗಳವಾಡಿಬಿಡುತ್ತೇನೆ ಎಂಬ ಭಯ. ಕೆಚ್ಚಲು ಬಾವು ಬಂದಿದ್ದ ನಿನ್ನ ಕೆಂಪು ಹಸು ಸುಧಾರಿಸಿತೇ?

ನಮ್ಮ ಅಂಗಡಿ ಹೇಗೋ ನಡೆಯುತ್ತಿದೆ. ಆಹಾರ ಇಲಾಖೆಯ ಆದೇಶ ಬಂತು: ಬಾಟಲಿಯ ಮೇಲೆ 'ಸೋಯಾ ಹಾಲು' ಎನ್ನುವಂತಿಲ್ಲ, 'ಸೋಯಾ ಪಾನೀಯ' ಎನ್ನಬೇಕಂತೆ. ನಿನ್ನ ಭಾವ ಹಳೆಯ ಚೀಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ ಕೆರೆಯುತ್ತಾ, "ತೆಂಗಿನ ಹಾಲು ಅಂತಾರಲ್ಲ, ತೆಂಗಿನ ಮರಕ್ಕೇನು ಕೆಚ್ಚಲಿದ್ಯಾ?" ಎಂದು ಗೊಣಗುತ್ತಾರೆ. ಬಂದವರು ಈಗಲೂ "ಸೋಯಾ ಹಾಲು ಕೊಡಿ" ಎಂದೇ ಕೇಳುತ್ತಾರೆ. ಹೆಸರು ಹೋದರೆ ಹೋಗಲಿ, ಹೇಗೋ ಬದುಕಿಕೊಳ್ಳುತ್ತೇವೆ.

ಆದರೆ ಆದೇಶಕ್ಕೆ ಮೊದಲು ಇಲಾಖೆ ನಡೆಸಿದ ಆ ವಿಚಾರಣೆಯ ದಿನ! ನಮ್ಮ ಮೇಲೆ ದೂರು ಕೊಟ್ಟದ್ದು ಹಾಲು ಉತ್ಪಾದಕರ ಸಂಘ, ನೀನೂ ಆ ಸಂಘದವಳೇ. ಆದರೂ ಅಕ್ಕನ ಪರ ಒಂದು ಮಾತಾಡಲು ಬರುತ್ತೀ ಎಂದುಕೊಂಡು, ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟು ನಿನಗೆ ಜಾಗ ಹಿಡಿದಿದ್ದೆ. ನೀನು ನನ್ನನ್ನು ದಾಟಿ ಹೋಗಿ ಮೈಕಿನ ಮುಂದೆ ನಿಂತೆ.

"ಬೆಳ್ಳಗಿರೋದೆಲ್ಲ ಹಾಲಲ್ಲ ಸಾರ್. ಕಾಳು ರುಬ್ಬಿ ಹಿಂಡಿದ ನೀರನ್ನ ಹಾಲು ಅನ್ನೋದು ಜನಕ್ಕೆ ಮಾಡೋ ಮೋಸ" ಅಂದೆ. ಚಪ್ಪಾಳೆ ಬಿತ್ತು. ಅಧಿಕಾರಿ, "ಅವರು ನಿಮ್ಮ ಅಕ್ಕ ಅಲ್ವಾ?" ಎಂದು ಕೇಳಿದರೆ, "ಅದಕ್ಕೇ ಸಾರ್, ನನಗೆ ಚೆನ್ನಾಗಿ ಗೊತ್ತಿರೋದು" ಎಂದೆ. ನಾನು ಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡೆ.

ನಿನಗೂ ಹೊಟ್ಟೆಪಾಡಿದೆ, ಒಪ್ಪುತ್ತೇನೆ. ಸಂಘವನ್ನು ಎದುರು ಹಾಕಿಕೊಂಡರೆ ನಿನ್ನ ಹಾಲನ್ನು ಕೊಳ್ಳುವವರಾರು? "ಅಕ್ಕಾ, ನಾನು ಆ ಕಡೆ ನಿಲ್ತೀನಿ" ಎಂದು ಮೊದಲೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅತ್ತು, ಸುಮ್ಮನಾಗಿ, ನಿನ್ನನ್ನು ಊಟಕ್ಕೂ ಕರೆಯುತ್ತಿದ್ದೆ. ಊರವರು ಮೋಸಗಾತಿ ಎಂದರೆ ಸಹಿಸಬಹುದು, ಒಡಹುಟ್ಟಿದವಳ ಬಾಯಲ್ಲಿ ಆ ಮಾತು ಬಂದರೆ ಎಲ್ಲಿ ಹೋಗಿ ಮುಖ ತೊಳೆದುಕೊಳ್ಳಲಿ?

ನಿನ್ನ ಮಕ್ಕಳು, ದನಕರುಗಳು ಸುಖವಾಗಿರಲಿ. ನಿನ್ನ ಮನೆ ತಣ್ಣಗಿರಲಿ. ಇದು ಬಾಯಿಮಾತಲ್ಲ.

ನಿನ್ನ ಅಕ್ಕ

ತಾ.ಕ.: ನನ್ನ ಮಗಳು ಅಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ನೀನು ನೋಡಲಿಲ್ಲ. ಹಸುವಿನ ಹಾಲು ಮೈಗೆ ವಿಷವಾಗಿ ಅವಳು ಆಸ್ಪತ್ರೆ ಸೇರಿ ಬಂದಾಗ, ನಾನು ಕಾಳು ರುಬ್ಬಿ ಕೊಟ್ಟದ್ದನ್ನು ಬೇಡವೆಂದು ತಳ್ಳಿದ್ದಳಲ್ಲ, ಆಗ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಇದೂ ಹಾಲೇ ಕಂದಾ, ನಿನಗೇ ಅಂತ ಇರೋ ಹಾಲು" ಎಂದು ಕುಡಿಸಿದವಳು ನೀನು. ಅಲ್ಲಿಯವರೆಗೆ ನಾನು ಅದಕ್ಕೆ ಹೆಸರೇ ಇಟ್ಟಿರಲಿಲ್ಲ. ಈಗ ಲೋಟ ಮುಂದಿಟ್ಟರೆ ಅವಳು ಮುಟ್ಟುವುದಿಲ್ಲ. "ಚಿಕ್ಕಮ್ಮ ಸುಳ್ಳು ಹೇಳಿದ್ದು ಆವತ್ತಾ, ಮೊನ್ನೆನಾ?" ಎಂದು ಕೇಳುತ್ತಾಳೆ. ಏನು ಹೇಳಲಿ?