ಅದು ತಾಯಿತವಲ್ಲ

ಗಿಸೆನ್ಯಿ, ರುವಾಂಡಾ
ಫೆಬ್ರವರಿ 2025

ಪೂಜ್ಯ ಅತ್ತೆಯವರಿಗೆ, ದೂರದಿಂದ ನಿಮ್ಮ ಸೊಸೆಯ ಶರಣು.

ನಿಮ್ಮ ಮಗ ಬದುಕಿದ್ದಾರೆ. ಮೊದಲು ಅದನ್ನೇ ಬರೆಯುತ್ತೇನೆ. ಕಾಂಗೊದ ಗೋಮಾ ನಗರ ಬಂಡುಕೋರರ ವಶವಾಯಿತು. ನಾವು ಗಡಿ ದಾಟಿ ಈಚೆಗೆ ಬಂದಿದ್ದೇವೆ. ಫೋನುಗಳನ್ನು ಬಂಡುಕೋರರು ಕಿತ್ತುಕೊಂಡರು. ಈ ಕಾಗದವನ್ನು ಊರಿಗೆ ಹೊರಟಿರುವ ಸೊರಬದ ಗಣೇಶ್ ಶಿಕಾರಿಪುರಕ್ಕೆ ಬಂದು ನಿಮಗೆ ತಲುಪಿಸುತ್ತಾರೆ.

ಮೊದಲು ಶೆಲ್ಲುಗಳು ಬಿದ್ದವು. ಎದುರು ಮನೆಯ ಗೋಡೆ ಕುಸಿದು ತಾಯಿ ಮಗು ಅಪ್ಪಿಕೊಂಡೇ ಸತ್ತರು. ಸರ್ಕಾರಿ ಸೈನಿಕರು ಸಮವಸ್ತ್ರ ಕಳಚಿ ಚರಂಡಿಗೆಸೆದು ಓಡಿದರು. ಓಡಲಾಗದವರ ಹೆಣಗಳು ನಮ್ಮ ಅಂಗಡಿಯ ಮೆಟ್ಟಿಲ ಮೇಲಿದ್ದವು, ನಾಯಿಗಳನ್ನು ಅಟ್ಟುವವರಿರಲಿಲ್ಲ. ಎಂ.ಎ.ಯಲ್ಲಿ ಯುದ್ಧದ ಪದ್ಯಗಳನ್ನು ಎಷ್ಟೊಂದು ಓದಿದ್ದೆ. ಅವುಗಳಿಗೆ ವಾಸನೆ ಇರಲಿಲ್ಲ.

ಆಮೇಲೆ ಬಂಡುಕೋರರು ನಮ್ಮ ಹಾರ್ಡ್‌ವೇರ್ ಅಂಗಡಿಯ ಶಟರ್ ಒಡೆದು ನುಗ್ಗಿದರು. ಎಳೆದಾಟದಲ್ಲಿ ನಿಮ್ಮ ಮಗನ ಅಂಗಿ ಹರಿದು ಲಿಂಗದ ಬೆಳ್ಳಿ ಕರಡಿಗೆ ಕಂಡಿತು. ಸರ್ಕಾರದ ಪರ ಕಾದುವ ಹಳ್ಳಿಯ ಪಡೆಗಳವರು ಗುಂಡು ತಾಗದಿರಲೆಂದು ಕೊರಳಿಗೆ ತಾಯಿತ ಕಟ್ಟುತ್ತಾರೆ. ಇದು ಅವರೇ ಕೊಟ್ಟದ್ದು, ನೀನು ಅವರ ಕಡೆಯವನು ಎಂದು ಹೊಡೆದರು. ಅಂಗಡಿಯ ಆಳು ಪ್ಯಾಟ್ರಿಸ್, ಅದು ತಾಯಿತವಲ್ಲ, ನಮ್ಮ ಧಣಿಯ ದೇವರು ಎಂದು ಬೇಡಿಕೊಂಡ. ಅವನ ಬಾಯಿಗೇ ಗುಂಡಿಟ್ಟರು.

ಅವರ ನಾಯಕ ನಗುತ್ತ, ಬಿಚ್ಚಿಕೊಡು, ಇಲ್ಲವೇ ನಿನ್ನ ದೇವರು ಗುಂಡು ತಡೆಯುತ್ತಾನೋ ನೋಡೋಣ ಎಂದು ಬಂದೂಕನ್ನು ಇವರ ಎದೆಗಿಟ್ಟ. ನಿಮ್ಮ ಮಗ ಅವನಿಗೆ ನಮ್ಮೂರ ಮಾತಲ್ಲೇ, "ತಲೆ ಬೇಕಾದ್ರೆ ತಗಾ ಮಾರಾಯ, ಇದನ್ನ ಮಾತ್ರ ಕೊಡಂಗಿಲ್ಲ" ಅಂದರು.

ನಾನು ಹಿಂದಿನಿಂದ ಕಟಿಂಗ್ ಪ್ಲೇಯರ್‌ನಿಂದ ದಾರ ಕತ್ತರಿಸಿ ಕರಡಿಗೆಯನ್ನು ಅವನಿಗೆ ಕೊಟ್ಟೆ. ಅವನು ಬೆಳ್ಳಿಯನ್ನು ಜೇಬಿಗಿಳಿಸಿ ಲಿಂಗವನ್ನು ರಸ್ತೆಗೆಸೆದ. ಹೆಕ್ಕಲು ಹೋದ ಇವರ ಬಲಗೈಯನ್ನು ಬಂದೂಕಿನ ಹಿಡಿಯಿಂದ ಜಜ್ಜಿದರು.

ಇಲ್ಲಿಗೆ ಬಂದ ಮೇಲೆ ಲಿಂಗವಿಲ್ಲದೆ ಇವರು ತುತ್ತು ಮುಟ್ಟಲಿಲ್ಲ, ಹನಿ ನೀರೂ ಕುಡಿಯಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹೀಗೇ ಹೋಗಿಬಿಡುತ್ತಾರೆಂದು ಹೆದರಿದ್ದೆ. ನಿನ್ನೆ ಪಕ್ಕದಂಗಡಿಯವರು ಗಡಿ ದಾಟಿ ಬಂದರು. ಲಿಂಗವನ್ನು ರಸ್ತೆಯಿಂದ ಹೆಕ್ಕಿ ತಂದಿದ್ದರು. ಈಗ ಪೂಜೆಯೂ ಆಯಿತು, ಊಟವೂ ಆಯಿತು. ನೀವು ಧೈರ್ಯವಾಗಿರಿ.

ನಿಮ್ಮ ಸೊಸೆ,
ಸರ್ವಮಂಗಳ

ಮರೆತ ಮಾತು: ಇದು ನಿಮಗೊಬ್ಬರಿಗೇ. ಯಾರೂ ಏನೂ ಹೆಕ್ಕಿ ತಂದಿಲ್ಲ, ಅತ್ತೆ. ನಿನ್ನೆ ನಾನು ಇವರಿಗೆ ಕೊಟ್ಟದ್ದು ನನ್ನ ಕೊರಳಿನ ಲಿಂಗ. ಇವರು ಅದನ್ನು ಎಡಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಬರಿಗೊರಳನ್ನು ನೋಡಿದರು. ನಾನು ತುತ್ತು ಮಾಡಿ ಬಾಯಿಗಿಟ್ಟಾಗ ಉಂಡು, "ನೀನೂ ಉಣ್ಣು" ಅಂದರು. ಉಂಡೆ.